ಡಯಾಲಿಸಿಸ್ ಮುಗಿದ ಮೇಲೂ ಫಿಲ್ಟರ್‌ನಲ್ಲಿ ಕೆಂಪು ಗೆರೆ ಯಾಕೆ?

ಪ್ರಶ್ನೆ (ಗದಗ): ನಮಸ್ಕಾರ ಅಕ್ಕಾರ. ಅಪ್ಪಗೆ ವಾರಕ್ಕೆ 2 ಸಲ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ಇರುತ್ತದೆ. ಕೊನೆಗೆ ಸಲೈನ್ ಬಿಟ್ಟು ರಕ್ತ ವಾಪಸ್ ಕೊಟ್ಟ ಮೇಲೂ ಬಿಳಿ ಫಿಲ್ಟರ್ ಒಳಗೆ ಕೂದಲಿನಂಥ ಕೆಂಪು ಗೆರೆ ಉಳಿದಿರುತ್ತವೆ. ಮೊನ್ನೆ ಜಾಸ್ತಿನೇ ಇದ್ದವು. ಕೇಳಿದರೆ "ಇರ್ತಾವ ಬಿಡ್ರಿ" ಅಂದರು. ರಕ್ತ ಪ್ಲಾಸ್ಟಿಕ್‌ಗೆ ಅಂಟುತ್ತದಾ?

ಉತ್ತರ (ಧಾರವಾಡ): ಅಣ್ಣಾರ, ನಾನು ಡಾಕ್ಟರ್ ಅಲ್ಲ, ಪಾಲಿಮರ್ ಕೆಲಸದವಳು. ಮೊದಲು ಅಂಟುವುದು ರಕ್ತಕಣ ಅಲ್ಲ, ಪ್ರೋಟೀನ್. ರಕ್ತ ತಾಗಿದ ಕೆಲವೇ ಸೆಕೆಂಡಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳು ಪದರ ಕೂತುಬಿಡುತ್ತದೆ. ಆಮೇಲೆ ಬರುವ ಕಣಗಳಿಗೆ ಸಿಗುವುದು ಆ ಪದರವೇ.

ಕೆಸುವಿನ ಎಲೆ ಮೇಲೆ ನೀರು ಹನಿಯಾಗಿ ಉರುಳುತ್ತದೆ ಅಲ್ವಾ? ಎಷ್ಟೋ ಪ್ಲಾಸ್ಟಿಕ್‌ಗೂ ನೀರು ಕಂಡರೆ ಆಗುವುದಿಲ್ಲ. ಪ್ರೋಟೀನ್ ಕೂಡ ನೀರಿಗೆ ಒಗ್ಗದ ತನ್ನ ಭಾಗಗಳನ್ನು ಒಳಗೆ ಮಡಚಿ ಇಟ್ಟುಕೊಂಡಿರುತ್ತದೆ, ಇಂಥ ಮೈ ಸಿಕ್ಕರೆ ನಡುವಿನ ನೀರು ಸರಿಸಿ ಕೂರುತ್ತದೆ, ಹೊತ್ತು ಹೋದಂತೆ ಮಡಿಕೆ ಬಿಚ್ಚಿ ಹರಡಿಕೊಳ್ಳುತ್ತದೆ. ಹಾಗೆ ಹರಡಿದ್ದು ಸಲೈನ್‌ಗೆ ಸುಲಭಕ್ಕೆ ಬಿಡುವುದಿಲ್ಲ.

ಯಾವ ಪ್ರೋಟೀನ್ ಕೂತಿದೆ ಅನ್ನುವುದೇ ಮುಖ್ಯ. ರಕ್ತದಲ್ಲಿ ಜಾಸ್ತಿ ಇರುವುದು ಅಲ್ಬುಮಿನ್, ಸಣ್ಣದೂ ಹೌದು, ಅದಕ್ಕೆ ಮೊದಲು ಬರುತ್ತದೆ. ಆಮೇಲೆ ಅದಕ್ಕಿಂತ ಸುಮಾರು 5 ಪಟ್ಟು ಭಾರದ ಫೈಬ್ರಿನೋಜೆನ್ ಬಂದು ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಹೀಗೆ ಒಂದರ ಜಾಗಕ್ಕೆ ಇನ್ನೊಂದು ಬರುವುದಕ್ಕೆ ವ್ರೋಮನ್ ಪರಿಣಾಮ ಅನ್ನುತ್ತಾರೆ. ಲಿಯೋ ವ್ರೋಮನ್ ರಕ್ತದ ವಿಜ್ಞಾನಿ, ಡಚ್ ಭಾಷೆಯ ಕವಿಯೂ ಹೌದು. ಧಾರವಾಡದವಳಾಗಿ ಇದನ್ನು ಹೇಳದೆ ಇರಲಾಗಲಿಲ್ಲ. ಅಲ್ಬುಮಿನ್ ಪದರದ ಮೇಲೆ ಪ್ಲೇಟ್‌ಲೆಟ್, ಅಂದರೆ ಹೆಪ್ಪುಗಟ್ಟಿಸುವ ಸಣ್ಣ ರಕ್ತಕಣ, ಅಷ್ಟಾಗಿ ನಿಲ್ಲುವುದಿಲ್ಲ. ಫೈಬ್ರಿನೋಜೆನ್ ಸಿಕ್ಕರೆ ಹಿಡಿದುಕೊಳ್ಳುತ್ತದೆ, ಅಲ್ಲಿಂದ ಹೆಪ್ಪು ಶುರು.

ನಿಮ್ಮ ಫಿಲ್ಟರ್‌ನಲ್ಲಿ ಸಾವಿರಾರು ಟೊಳ್ಳು ನೂಲುಗಳಿವೆ, ಒಂದೊಂದರ ಒಳಗಲ ಸುಮಾರು 0.2 ಮಿ.ಮೀ. ಅಷ್ಟು ಸಣ್ಣ ದಾರಿಯಲ್ಲಿ ಚೂರು ಹೆಪ್ಪಾದರೂ ಆ ನೂಲು ಮುಚ್ಚಿತು. ನೀವು ನೋಡಿದ ಗೆರೆ ಅದೇ. ಈಗಿನ ಎಷ್ಟೋ ಫಿಲ್ಟರ್ ಪಾಲಿಸಲ್ಫೋನ್ ಅನ್ನುವ ಪ್ಲಾಸ್ಟಿಕ್‌ನವು, ನೀರಿಗೆ ಒಗ್ಗಲಿ ಅಂತ ಅದಕ್ಕೆ ಪಿವಿಪಿ ಅನ್ನುವ, ನೀರಿಗೆ ಒಗ್ಗುವ ಇನ್ನೊಂದು ಪಾಲಿಮರ್ ಬೆರೆಸುತ್ತಾರೆ. ಅಂಟುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಪ್ರಶ್ನೆ: ಹೆಪಾರಿನ್ ಕೊಡ್ತಾರಲ್ರಿ, ಅದು ಪ್ರೋಟೀನ್ ಅಂಟದಂಗ ತಡೆಯೋಕಾ?

ಉತ್ತರ: ಅಲ್ಲ. ಪ್ರೋಟೀನ್ ಅಂಟಿಯೇ ಅಂಟುತ್ತದೆ, ಹೆಪಾರಿನ್ ಮುಂದಿನ ಹೆಪ್ಪನ್ನು ತಡೆಯುತ್ತದೆ. ನಾಲ್ಕಾರು ಗೆರೆ ಇದ್ದರೆ ಗಾಬರಿ ಬೇಡ. ಜಾಸ್ತಿ ಆಗುತ್ತಿದ್ದರೆ ಮಾತ್ರ "ಇರ್ತಾವ" ಅಂದರು ಅಂತ ಸುಮ್ನೆ ಬರಬೇಡಿ. ಹೆಪಾರಿನ್ ಸಾಲದೇ, ರಕ್ತದ ಹರಿವು ಕಡಿಮೆಯೇ ಅಂತ ನೋಡುವುದು ಡಾಕ್ಟರ ಕೆಲಸ. ಪ್ರತಿ ಸಲ ಫಿಲ್ಟರ್ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದು ಅವರಿಗೆ ತೋರಿಸಿ.