ಪುಟಿಯುವ ಚೆಂಡು ನೀರಿನಲ್ಲಿ ತೇಲಿದಂತೆ ಏಕೆ ಕಾಣುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಮನೆಯಲ್ಲೇ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶ ಕಲಿಯುತ್ತಿದ್ದೇನೆ. ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಪುಟಿಯುವ ಚೆಂಡಿನ ಅಭ್ಯಾಸ ಮಾಡಿದೆ: 1ನೇ ಫ್ರೇಮಿನಲ್ಲಿ ಚೆಂಡು 120 ಸೆಂ.ಮೀ. ಎತ್ತರದಲ್ಲಿರುತ್ತದೆ, 13ರಲ್ಲಿ ನೆಲ ಮುಟ್ಟುತ್ತದೆ, 25ರಲ್ಲಿ ಮತ್ತೆ ಅದೇ ಎತ್ತರಕ್ಕೆ ಏರುತ್ತದೆ. ಆದರೆ ಓಡಿಸಿ ನೋಡಿದರೆ ಅದು ನೆಲಕ್ಕೆ ಬಡಿಯುವುದೇ ಇಲ್ಲ. ಬಾವಿಗೆ ಇಳಿಬಿಟ್ಟ ಕೊಡದಂತೆ ಮೆಲ್ಲಗೆ ಇಳಿದು ಮೆಲ್ಲಗೆ ಮೇಲೇಳುತ್ತದೆ. 12 ಫ್ರೇಮ್‌ಗಳನ್ನು 8ಕ್ಕೆ ಇಳಿಸಿದಾಗ ತೇಲಾಟಕ್ಕೆ ಅವಸರ ಬಂತೇ ಹೊರತು ಪೆಟ್ಟು ಬೀಳಲಿಲ್ಲ. ತಪ್ಪು ಟೈಮಿಂಗ್‌ನಲ್ಲಿದೆಯೋ ಸ್ಪೇಸಿಂಗ್‌ನಲ್ಲಿದೆಯೋ ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಟೈಮಿಂಗ್, ಅಂದರೆ ಚಲನೆಗೆ ಕೊಟ್ಟ ಒಟ್ಟು ಫ್ರೇಮ್‌ಗಳ ಲೆಕ್ಕ, ಸರಿಯಾಗಿಯೇ ಇದೆ, ಅದನ್ನು ಮುಟ್ಟಬೇಡಿ. 120 ಸೆಂ.ಮೀ. ಎತ್ತರದಿಂದ ಬಿಟ್ಟ ವಸ್ತು ನೆಲ ಸೇರಲು ಹೆಚ್ಚುಕಡಿಮೆ ಅರ್ಧ ಸೆಕೆಂಡು, ಅಂದರೆ 12 ಫ್ರೇಮ್ ಬೇಕು. ಕೆಟ್ಟಿರುವುದು ಆ 12 ಫ್ರೇಮ್‌ಗಳ ನಡುವೆ ದೂರ ಹಂಚಿಕೆಯಾಗಿರುವ ರೀತಿ, ಅಂದರೆ ಸ್ಪೇಸಿಂಗ್. ಬೀಳುವ ವಸ್ತು ಸಮಾನ ಅವಧಿಗಳಲ್ಲಿ 1, 3, 5, 7 ಎಂಬ ಅನುಪಾತದಲ್ಲಿ ದೂರ ಕ್ರಮಿಸುತ್ತದೆ. ನಿಮ್ಮ ಚೆಂಡು ಮೊದಲ ಮೂರು ಫ್ರೇಮ್‌ಗಳಲ್ಲಿ ಕೇವಲ 7.5 ಸೆಂ.ಮೀ. ಇಳಿಯಬೇಕು, ನಂತರದ ಮೂರರಲ್ಲಿ 22.5, ಅದರ ಮುಂದಿನ ಮೂರರಲ್ಲಿ 37.5, ಕೊನೆಯ ಮೂರರಲ್ಲಿ 52.5. ಎರಡು ಸ್ಥಾನಗಳ ನಡುವೆ ಬ್ಲೆಂಡರ್ ತಾನಾಗಿಯೇ ಹಾಕುವ ಬೆಜಿಯರ್ ಎಂಬ ಬಾಗುರೇಖೆಯಾದರೋ ಎರಡೂ ತುದಿಗಳಲ್ಲಿ ವೇಗವನ್ನು ತಗ್ಗಿಸುತ್ತದೆ. ಮೇಲ್ತುದಿಗೆ ಅದು ಒಪ್ಪುತ್ತದೆ, ನೆಲದ ಬಳಿ ಮಾತ್ರ ಚೆಂಡಿಗೆ ಬ್ರೇಕ್ ಹಾಕಿದಂತಾಗುತ್ತದೆ.

ಈ ರೇಖೆ ಕಾಣುವ ಗ್ರಾಫ್ ಎಡಿಟರ್‌ನಲ್ಲಿ 13ನೇ ಫ್ರೇಮಿನ ಕೀಫ್ರೇಮ್ (ನೀವು ಸ್ಥಾನ ಗೊತ್ತುಮಾಡಿದ ಬಿಂದು) ಆರಿಸಿ, ವಿ ಕೀಲಿಯನ್ನೊತ್ತಿ ಅದರ ಹ್ಯಾಂಡಲ್ (ರೇಖೆಯನ್ನು ಬಾಗಿಸುವ ಹಿಡಿಕೆ) ಅನ್ನು ಫ್ರೀ ಮಾಡಿ. ಚೆಂಡು ನೆಲಕ್ಕೆ ತಾಗಿದ ಮಟ್ಟವನ್ನು ಸೊನ್ನೆಯೆಂದು ಎಣಿಸಿ, ಅದರ ಎಡ ಹ್ಯಾಂಡಲ್‌ನ ತುದಿಯನ್ನು 9ನೇ ಫ್ರೇಮಿನಲ್ಲಿ 80 ಸೆಂ.ಮೀ. ಎತ್ತರಕ್ಕೆ ತನ್ನಿ. 1ನೇ ಕೀಫ್ರೇಮಿನ ಬಲ ಹ್ಯಾಂಡಲ್ ಏರಿಳಿತವಿಲ್ಲದೆ ನೇರವಾಗಿ 5ನೇ ಫ್ರೇಮಿನವರೆಗೆ ಚಾಚಿರಲಿ. ಆಗ ರೇಖೆ ನಿಜವಾದ ಪತನದ ರೇಖೆಯೇ ಆಗುತ್ತದೆ. ಏರುವ ಭಾಗ ಇದರ ಕನ್ನಡಿ ಬಿಂಬ. ನೆಲದಲ್ಲಿ ರೇಖೆ ಚೂಪಾಗಿ ಮುರಿದು ಮೇಲೇಳಬೇಕು.

ಉತ್ತರ 2

ನಾನು ಕಾಗದದ ಮೇಲೆ, ಲೈಟ್ ಬಾಕ್ಸ್ ಇಟ್ಟುಕೊಂಡು ಕಲಿತವನು. ಅಲ್ಲಿ ಈ ವಿಷಯ ಕಣ್ಣಿಗೇ ಕಾಣುತ್ತಿತ್ತು: ಹಾಳೆಗಳನ್ನು ಒಂದರ ಮೇಲೊಂದಿಟ್ಟು ದೀಪ ಹಾಕಿದರೆ ಮೇಲ್ಗಡೆ ಚೆಂಡುಗಳು ಒಂದನ್ನೊಂದು ಮುಚ್ಚಿಕೊಂಡಿರುತ್ತಿದ್ದವು, ನೆಲದ ಹತ್ತಿರ ಎರಡರ ನಡುವೆ ಬರಿಯ ಬಿಳಿ ಹಾಳೆ ಉಳಿಯುತ್ತಿತ್ತು. ನೀವೂ ಒಮ್ಮೆ ಮೋಷನ್ ಪಾತ್ (ಪ್ರತಿ ಫ್ರೇಮಿನಲ್ಲಿ ಚೆಂಡು ಇರುವ ಜಾಗಕ್ಕೆ ಚುಕ್ಕೆಯಿಟ್ಟು ತೋರಿಸುವ ದಾರಿ) ತೆರೆದು ಚುಕ್ಕೆಗಳನ್ನು ನೋಡಿ.

ಇನ್ನೊಂದು ಮಾತು. ಚೆಂಡು ಅದೇ ಎತ್ತರಕ್ಕೆ ಮರಳುವುದಿಲ್ಲ. ನಿಯಮದ ಪ್ರಕಾರ, 254 ಸೆಂ.ಮೀ.ನಿಂದ ಬಿಟ್ಟ ಟೆನಿಸ್ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಹೊಸಬರು ಎತ್ತರವನ್ನು ಇಳಿಸುತ್ತಾರೆ, ಆದರೆ ಫ್ರೇಮ್‌ಗಳನ್ನು ಹಾಗೆಯೇ ಬಿಡುತ್ತಾರೆ. ಆಗ ಎರಡನೆಯ ಪುಟಿತವೇ ತೇಲತೊಡಗುತ್ತದೆ. ಎತ್ತರ ಅರ್ಧವಾದರೆ ಏರುವ ಸಮಯ ಸುಮಾರು 0.7 ಪಾಲಾಗುತ್ತದೆ: 12 ಫ್ರೇಮ್ ಎಂಟೂವರೆಗೆ, ಅದರ ಮುಂದಿನ ಪುಟಿತದಲ್ಲಿ ಅದು ಆರಕ್ಕೆ ಇಳಿಯುತ್ತದೆ. ಭಾರವಾದ ಚೆಂಡನ್ನು ತೋರಿಸಲು ಬೀಳುವ ವೇಗ ಹೆಚ್ಚಿಸುವವರೂ ಇದ್ದಾರೆ, ಅದು ತಪ್ಪು. ಕಬ್ಬಿಣದ ಗುಂಡೂ ರಬ್ಬರ್ ಚೆಂಡೂ ಇಷ್ಟು ಎತ್ತರದಿಂದ ಒಟ್ಟಿಗೇ ಬೀಳುತ್ತವೆ; ನೋಡುವವರಿಗೆ ಭಾರ ತಿಳಿಯುವುದು ಬಿದ್ದ ಮೇಲೆ ಅದು ಎಷ್ಟು ಮೇಲೆದ್ದಿತು ಎಂಬುದರಿಂದ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 9ನೇ ಫ್ರೇಮಿನಲ್ಲಿ ಹ್ಯಾಂಡಲ್ ಎತ್ತಿದ ಕೂಡಲೇ ಚೆಂಡು ಮೊದಲ ಬಾರಿಗೆ ನೆಲಕ್ಕೆ ಬಡಿಯಿತು. ಹತ್ತಾರು ಸಲ ಓಡಿಸಿ ನೋಡಿದೆ. ಎರಡನೆಯ ಪುಟಿತಕ್ಕೆ ಎಂಟೂವರೆ ಫ್ರೇಮ್ ಎಂದಿರಿ. ಅರ್ಧ ಫ್ರೇಮನ್ನು ಏನು ಮಾಡಲಿ?

ಉತ್ತರ 2

ನೆಲ ಮುಟ್ಟುವ ಕ್ಷಣ ಪೂರ್ಣ ಫ್ರೇಮಿನ ಮೇಲೆಯೇ ಬರಬೇಕು. ಎರಡು ಫ್ರೇಮ್‌ಗಳ ನಡುವೆ ಬಿದ್ದರೆ ಚೆಂಡು ನೆಲವನ್ನು ತಾಗಿದ್ದನ್ನು ಯಾರೂ ಕಾಣುವುದಿಲ್ಲ. ಆದ್ದರಿಂದ ಏರಲು 8, ಇಳಿಯಲು 8 ಫ್ರೇಮ್ ಇಟ್ಟುಕೊಂಡು, ಎತ್ತರವನ್ನು 60ರ ಬದಲು 54 ಸೆಂ.ಮೀ.ಗೆ ಇಳಿಸಿ.