ಅಪ್‌ಗ್ರೇಡ್ ಆದ ಮೇಲೆ ಲಾಗಿನ್ ಪರದೆ ದಾಟುತ್ತಿಲ್ಲ, ಏನು ಮಾಡಲಿ?

ಪುಣೆ, ಕೋಥ್ರೂಡ್:
ನನ್ನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟನ್ನು 21.3ರಿಂದ 22ಕ್ಕೆ ಅಪ್‌ಗ್ರೇಡ್ ಮಾಡಿದೆ. ಈಗ ಪಾಸ್‌ವರ್ಡ್ ಹಾಕಿದರೆ ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಪಾಸ್‌ವರ್ಡನ್ನೇ ಕೇಳುತ್ತದೆ. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಲೇಖನಗಳೆಲ್ಲ ಇದರಲ್ಲೇ ಇವೆ. ಫಾರ್ಮ್ಯಾಟ್ ಮಾಡಲೇಬೇಕಾ?

ಡೊಂಬಿವಲಿ:
ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ‘ಪಾಸ್‌ವರ್ಡ್ ತಪ್ಪು’ ಅನ್ನದೆ ವಾಪಸ್ ಕಳಿಸುತ್ತಿದೆ ಅಂದರೆ ಪಾಸ್‌ವರ್ಡ್ ಸರಿ ಇದೆ. ಒಳಗೆ ಡೆಸ್ಕ್‌ಟಾಪ್ ಶುರುವಾಗಲು ಆಗುತ್ತಿಲ್ಲ, ಅಷ್ಟೇ. ನನಗೂ ಹೀಗೇ ಆಗಿತ್ತು, ಎರಡು ದಿನ ನಿದ್ದೆ ಇರಲಿಲ್ಲ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಒಂದು ಚುಕ್ಕೆಯೂ ಕಾಣಲ್ಲ, ಗಾಬರಿ ಬೇಡ. ಆಮೇಲೆ ‘ಡಿಎಫ್ ಮೈನಸ್ ಎಚ್’ (df -h) ಕೊಡಿ, ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ನನ್ನದರಲ್ಲಿ ರೂಟ್ ಪಾರ್ಟಿಷನ್ (ಸಿಸ್ಟಂ ಇರುವ ಡಿಸ್ಕ್ ಭಾಗ, ಬರೀ ‘/’ ಅಂತ ಕಾಣುತ್ತದೆ) ಎದುರು 100% ಅಂತ ಇತ್ತು. ಅಪ್‌ಗ್ರೇಡಿಗೆ ಮುಂಚೆ ಟೈಮ್‌ಶಿಫ್ಟ್ ಸ್ನ್ಯಾಪ್‌ಶಾಟ್, ಅಂದರೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಂನ ಪ್ರತಿ, ಬೇಕು ಅನ್ನುತ್ತದೆ ಅಲ್ವಾ? ಹಳೆಯವೂ ಸೇರಿ ಅದೇ ಡಿಸ್ಕ್‌ನಲ್ಲಿ ಗುಡ್ಡೆ ಬಿದ್ದಿದ್ದವು. ಜಾಗವೇ ಇಲ್ಲದಿದ್ದರೆ ಲಾಗಿನ್ ಹೊತ್ತಿಗೆ ಬೇಕಾದ ಚಿಕ್ಕ ಫೈಲುಗಳನ್ನೂ ಬರೆಯಲು ಆಗಲ್ಲ. ಹಳೇ ಸ್ನ್ಯಾಪ್‌ಶಾಟ್ ಮಾತ್ರ ಅಳಿಸಿ. ಅಪ್‌ಗ್ರೇಡಿಗೆ ತಕ್ಷಣ ಮುಂಚಿನದನ್ನು ಮುಟ್ಟಬೇಡಿ, ಕೊನೆಗೆ ಕೈಹಿಡಿಯುವುದು ಅದೇ. ‘ಸುಡೊ ಆಪ್ಟ್ ಕ್ಲೀನ್’ (sudo apt clean) ಕೊಟ್ಟರೂ ಸ್ವಲ್ಪ ಜಾಗ ಸಿಗುತ್ತದೆ; ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಆಜ್ಞೆ ಕೊಡುವುದು.

ಮುಲುಂಡ್:
ಜಾಗ ಇದ್ದೂ ಹೀಗಾದರೆ, ಹೋಮ್ ಫೋಲ್ಡರಿನಲ್ಲಿ ‘ಡಾಟ್ ಎಕ್ಸ್‌ಅಥಾರಿಟಿ’ (.Xauthority) ಅಂತ, ಡೆಸ್ಕ್‌ಟಾಪ್ ತೆರೆಯಲು ಬೇಕಾದ ಒಂದು ಅಡಗಿಸಿಟ್ಟ ಫೈಲ್ ಇರುತ್ತದೆ. ‘ಎಲ್‌ಎಸ್ ಮೈನಸ್ ಎಲ್‌ಎ’ (ls -la) ಕೊಟ್ಟು ನೋಡಿ. ಒಡೆಯನ ಜಾಗದಲ್ಲಿ ನಿಮ್ಮ ಹೆಸರಿನ ಬದಲು ರೂಟ್ (root, ಅಡ್ಮಿನ್ ಖಾತೆ) ಇದ್ದರೆ ಕಾರಣ ಅದೇ. ಸುಡೊ ಹಾಕಿ ಆ ಫೈಲಿನ ಹೆಸರು ಬದಲಿಸಿಬಿಡಿ, ಮುಂದಿನ ಲಾಗಿನ್‌ಗೆ ಹೊಸದು ತಾನೇ ಹುಟ್ಟುತ್ತದೆ. ಎಫ್7 ಒತ್ತಿದರೆ ಲಾಗಿನ್ ಪರದೆಗೆ ವಾಪಸ್, ಕಂಟ್ರೋಲ್ ಆಲ್ಟ್ ಜೊತೆಗೇ.

ವಾಶಿ:
ಬೇರೆಯವರಿಗೆ ಉಪಯೋಗ ಆಗಬಹುದು ಅಂತ ಹೇಳುತ್ತಿದ್ದೇನೆ. ‘ತಪ್ಪು’ ಅಂತಲೇ ಬಂದರೆ ಮೊದಲು ಕೀಬೋರ್ಡ್ ನೋಡಿ. ನನ್ನದು ಕನ್ನಡ ಲೇಔಟಿನಲ್ಲಿ ಕೂತಿತ್ತು. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಕಾಣುವುದರಿಂದ ಗೊತ್ತೇ ಆಗಲಿಲ್ಲ.

ಪುಣೆ, ಕೋಥ್ರೂಡ್:
ಜಾಗ 71% ಮಾತ್ರ ತುಂಬಿತ್ತು. ಆದರೆ ಆ ಫೈಲಿನ ಒಡೆಯ ರೂಟ್! ಹಿಂದಿನ ದಿನ ಫೈಲ್ ಮ್ಯಾನೇಜರನ್ನು ಸುಡೊ ಹಾಕಿ ತೆರೆದಿದ್ದೆ. ಹೆಸರು ಬದಲಿಸಿದೆ, ಡೆಸ್ಕ್‌ಟಾಪ್ ಬಂತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೇಖನಗಳನ್ನು ಈಗಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಿದ್ದೇನೆ.