ಮನೆ ತಂಪು, ನೀರು ಬಿಸಿ, ಬಿಲ್ ಕಮ್ಮಿ: ಮೆಕ್ಯಾನಿಕ್ ಅಣ್ಣನ್ನ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಶಿವರಾತ್ರಿ ಇನ್ನೂ ಆಗಿಲ್ಲ, ಆಗ್ಲೇ ಗ್ರೂಪಲ್ಲಿ ಏಸಿ ಪ್ರಶ್ನೆ ಶುರು. ಹುಬ್ಬಳ್ಳಿಯಲ್ಲಿ 22 ವರ್ಷದಿಂದ ಏಸಿ, ಫ್ರಿಜ್, ಗೀಸರ್ ಕೆಲಸ ಮಾಡ್ತಿರೋ ನಮ್ಮ ಮೆಂಬರ್ ಇವತ್ತು ಸಂಜೆ ಉತ್ತರ ಕೊಡ್ತಾರೆ. ಕೇಳೋ ಮುಂಚೆ ಮೇಲಿನ ಕಾಮೆಂಟ್ ಓದಿ ದಯವಿಟ್ಟು. ಕಂಪನಿ ಹೆಸರು ಹಾಕಿ ಬೈಯೋದು ಬೇಡ.

ಕಲಬುರಗಿ ಬಿಸಿಲು: ಸರ್ ನಮ್ಮದು ಮ್ಯಾಲಿನ ಮನಿ ಅದ, 12-14ರ ಖೋಲಿ, 1.5 ಟನ್ ಏಸಿ. ಹೋದ ಬ್ಯಾಸಗಿಯಾಗ ಬೆಳಿಗ್ಗಿ ಹಾಕಿದ್ರ 15 ನಿಮಿಷಕ್ಕ ತಂಪ ಆಗ್ತಿತ್ತು, ರಾತ್ರಿ 9ಕ್ಕ ಹಾಕಿದ್ರ 12 ಹೊಡದ್ರೂ 29ಕ್ಕಿಂತ ಕೆಳಗ ಇಳೀತಿರಲಿಲ್ಲ. ಎರಡು ವರ್ಷ ಸಾಲಾಗಿ ಗ್ಯಾಸ್ ತುಂಬಿಸೀನಿ. ಈಗ ಅಂಗಡಿಯವ 2 ಟನ್ ತಗೋ ಅಂತಾನ. ಏನ್ ಮಾಡ್ಲಿ?

ಮೆಕ್ಯಾನಿಕ್: ಮೊದ್ಲು ಗ್ಯಾಸಿನ ಮಾತು. ಅದು ಪೆಟ್ರೋಲ್ ಅಲ್ರಿ, ಖರ್ಚಾಗಾಂಗಿಲ್ಲ, ಪೈಪ್‌ನ್ಯಾಗ ಸುತ್ತತಿರತೈತಿ ಅಷ್ಟ. ವರ್ಷಾ ತುಂಬಬೇಕಾಗೇತಿ ಅಂದ್ರ ಒಂದ ಎಲ್ಲೋ ಸೋರಾಕತ್ತೈತಿ, ಇಲ್ಲಾ ತುಂಬಾವ ಸುಳ್ಳ ಹೇಳ್ಯಾನ. ಹೊರಗಿನ ಯೂನಿಟ್ಟಿಗೆ ತಾಮ್ರದ ಪೈಪ್ ಕೂಡೋ ಕಡೆ ನಟ್ ಇರತೈತಿ, ಅಲ್ಲಿ ಎಣ್ಣಿ ಜಿಡ್ಡ ಹತ್ತಿ ಧೂಳ ಮೆತ್ತಿಕೊಂಡಿದ್ರ ಅದ ಲೀಕು. ಸಬಕಾರ ನೊರಿ ಹಚ್ಚಿ ನೋಡ್ರಿ, ಗುಳ್ಳಿ ಏಳತಾವು.

ಆದ್ರ ನಿಮ್ದು ಗ್ಯಾಸ್ ಅಲ್ಲ ಅಂತ ನನಗ ಅನಸ್ತೈತಿ. ಬೆಳಿಗ್ಗೆ 15 ನಿಮಿಷಕ್ಕ ತಂಪ ಮಾಡೋ ಮಷಿನ್ ಗಟ್ಟಿನ ಐತಿ. ರಾತ್ರಿ 9ಕ್ಕ ಹೊರಗ ಗಾಳಿ ಅಡ್ಡಿಯಿಲ್ಲ, ಒಳಗ ಮಾತ್ರ ಧಗಿ. ಇದು ಸ್ಲ್ಯಾಬಿನ ಆಟ. ಮಧ್ಯಾಹ್ನ ಕುಡದ ಬಿಸಿಲನ್ನ ಕಾಂಕ್ರೀಟು ಕೆಳಗ ಬಿಡಾಕ ತಾಸುಗಟ್ಲೆ ತಗೋತೈತಿ, ನೀವು ಮಲಗೋ ಹೊತ್ತಿಗೆ ಸರಿಯಾಗಿ ನಿಮ್ಮ ಮ್ಯಾಲ ಬಿಡತೈತಿ. ರೊಟ್ಟಿ ಹಂಚಿನ ಕೆಳಗ ಮಲಗಿದಂಗ. ಬ್ಯಾಸಗಿ ಬರ್ಲಿ, ರಾತ್ರಿ ಕುರ್ಚಿ ಮ್ಯಾಲ ನಿಂತು ಛತ್ತಿಗೆ ಅಂಗೈ ಹಚ್ರಿ, ಆಮ್ಯಾಲ ಗ್ವಾಡಿಗೆ ಹಚ್ರಿ, ಗೊತ್ತಾಗತೈತಿ. 1.5 ಟನ್ ಅಂದ್ರ ತಾಸಿಗೆ 18,000 ಬಿಟಿಯು (ಬಿಸಿ ಅಳಿಯೋ ಮಾಪ) ಬಿಸಿ ಹೊರಗ ಹಾಕೋ ತಾಕತ್ತು, 168 ಚದರಡಿ ಖೋಲಿಗೆ ಅದು ಸಾಕಾಗತೈತಿ. 2 ಟನ್ ತಗೊಂಡ್ರ ಅಂಗಡಿಯವ್ಗ ತಂಪು.

ಛತ್ತಿನ ಮ್ಯಾಲ, ಬಿಸಿಲು ಬೀಳೋ ಕಡೆ, ಸುಣ್ಣ ಹೊಡೀರಿ. ರಾತ್ರಿ ನೆನಿಹಾಕಿ, ಬೆಳಿಗ್ಗೆ ಸೋಸಿ, ಅಂಟು ಹಿಡ್ಯಾಕ ಫೆವಿಕಾಲ್ ಬೆರಸಿ, ಛತ್ತ ಚಲೋ ತೊಳದು ಎರಡು ಕೋಟ್. ಮಳಿಗೆ ಹೋಗತೈತಿ, ಮುಂದಿನ ವರ್ಷ ಮತ್ತ ಹೊಡೀಬೇಕು. ಬಿಸಿಲು ವಾಪಸ್ ಹೊಡಿಯೋ ಪೇಂಟು ಬರತಾವು, ರೊಕ್ಕ ಹೆಚ್ಚು, ಬಾಳಿಕಿನೂ ಹೆಚ್ಚು. ನಮ್ಮ ಮನಿ ಛತ್ತಿನ ಮ್ಯಾಲ ಏಪ್ರಿಲ್ ಮಧ್ಯಾಹ್ನ ನಮ್ಮವ್ವ ಶಂಡಿಗಿ ಹಾಕಾಕ ಚಪ್ಪಲ್ ಹಾಕ್ಕೊಂಡ ಹೋಗಾಕಿ, ಸುಣ್ಣ ಹೊಡದ ಮ್ಯಾಲ ಬರಿಗಾಲ್ಲೆ ಹೋಗತಾಳು. ನನಗ ಅಷ್ಟ ಸಾಕ್ಷಿ ಸಾಕು. ಪಡುವಣ ಕಿಟಕಿ ಇದ್ರ ಹೊರಗಿನಿಂದ ಚಾಪಿ ಕಟ್ರಿ. ಒಳಗ ಪರದೆ ಹಾಕೋದು ಕಳ್ಳ ಮನಿ ಹೊಕ್ಕ ಮ್ಯಾಲ ಬಾಗ್ಲ ಹಾಕಿದಂಗ.

ಕಲಬುರಗಿ ಬಿಸಿಲು: ನಮ್ಮ ಅಜ್ಜನ ಮಣ್ಣಿನ ಮಾಳಗಿ ಮನಿ ಒಡದು ಈ ಆರ್‌ಸಿಸಿ ಕಟ್ಟಿಸೀವಿ ಸರ್ 😔

ಬೆಂಗ್ಳೂರ್ ಹುಡ್ಗ: ಅಣ್ಣಾ ಏಸಿ 24ರಲ್ಲಿ ಇಡ್ಬೇಕಾ 26ರಲ್ಲಾ?

ಮೆಕ್ಯಾನಿಕ್: 26, ಜೊತಿಗೆ ಫ್ಯಾನ್. ಒಂದು ಡಿಗ್ರಿ ಏರಿಸಿದ್ರ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿತೈತಿ ಅಂತ ಸ್ಟಾರ್ ಲೇಬಲ್ ನೋಡ್ಕೊಳ್ಳೋ ಸರಕಾರಿ ಸಂಸ್ಥೆ ಬಿಇಇದವರ ಲೆಕ್ಕ. 2020ರಿಂದ ಹೊಸಾ ಮಷಿನ್ ಆನ್ ಮಾಡಿದ್ರ 24ಕ್ಕ ಶುರು ಆಗತಾವು, ಹಂಗಂತ ಅಲ್ಲೇ ಬಿಡಬೇಕಂತಿಲ್ಲ.

ದಾವಣಗೆರೆ ಬೆಣ್ಣೆ: 3 ಸ್ಟಾರ್ ತಗೊಳ್ಳೋದಾ 5 ಸ್ಟಾರಾ? ವರ್ಷದಲ್ಲಿ ಎರಡು ತಿಂಗಳು ರಾತ್ರಿ ಮಾತ್ರ ಹಾಕೋದು.

ಮೆಕ್ಯಾನಿಕ್: ಲೇಬಲ್ ಮ್ಯಾಲ ವರ್ಷದ ಯೂನಿಟ್ ಬರದಿರತಾರ, ಅದು 1600 ತಾಸಿನ ಲೆಕ್ಕ. ಎರಡೂ ಮಷಿನ್ನಿನ ಅಂಕಿ ಒಂದರಾಗ ಒಂದ ಕಳೀರಿ. ನಿಮ್ದು ದಿನಾ 7 ತಾಸು ಹಿಡದ್ರ 400ರ ಹತ್ರ, ಅಂದ್ರ ಆ ಉಳಿತಾಯದಾಗ ನಾಕರಾಗಿಂದ ಒಂದು ಪಾಲು. ಯೂನಿಟ್ಟಿಗೆ 6 ರೂಪಾಯಿ ಹಿಡದು, 5 ಸ್ಟಾರಿಗೆ ಕೊಡೋ ಹೆಚ್ಚಿನ ರೊಕ್ಕದ ಜೊತಿ ಹೋಲಿಸಿ ನೋಡ್ರಿ. ನಿಮಗ 3 ಸ್ಟಾರ್ ಇನ್ವರ್ಟರ್ ಏಸಿ ಸಾಕು. ಲೇಬಲ್ ಮ್ಯಾಲಿನ ವರ್ಷಾನೂ ನೋಡ್ರಿ, 2022ರ ಜುಲೈಕ್ಕ ಅಳತಿ ಬಿಗಿ ಮಾಡ್ಯಾರ, ಅದಕ್ಕ ಮೊದ್ಲು 5 ಇದ್ದದ್ದು ಆಮ್ಯಾಲ 4ಕ್ಕ ಇಳದೈತಿ. ಗೋದಾಮಿನ್ಯಾಗಿನ ಹಳೇ ಪೆಟಗಿ ಹೊಸಾ ರೇಟಿಗೆ ಕೊಡತಾರ.

ಮಂಗ್ಳೂರ್ ಬಂಗುಡೆ: ನಮ್ಮಲ್ಲಿಗೆ ಕೂಲರ್ ಆಗ್ತದಾ ಮಾರಾಯ್ರೆ? ಕರೆಂಟ್ ಕಮ್ಮಿ ಅಂತಾರಲ್ಲ.

ಮೆಕ್ಯಾನಿಕ್: ಆಗಾಂಗಿಲ್ಲ. ನೀರು ಆರಿದ್ರ ತಂಪು. ನಿಮ್ಮ ಗಾಳಿಯಾಗ ಚಡ್ಡಿನ ಆರಾಂಗಿಲ್ಲ.

ಕಲಬುರಗಿ ಬಿಸಿಲು: ನಮ್ಮ ಕಡೆ ಕೂಲರ್ ಭಾರಿ ಕೆಲಸ ಮಾಡ್ತದ. ಕಿಟಕಿ ಒಂದು ತೆರದಿಡಬೇಕು ಅಷ್ಟ.

ಮಂಗ್ಳೂರ್ ಬಂಗುಡೆ: ನಮ್ಗೆ ಕೂಲರೇ ಬೇಡ, ಹಂಚಿನ ಮನೆ ಇತ್ತು ಮೊದ್ಲು. ನೀವು ಒಣ ಬಿಸಿಲಿನವ್ರಿಗೆ ಬೆವರು ಅಂದ್ರೆ ಏನಂತ ಗೊತ್ತುಂಟಾ?

ಕಲಬುರಗಿ ಬಿಸಿಲು: 43 ಡಿಗ್ರಿ ಅಂದ್ರ ಏನಂತ ನಿಮಗ ಗೊತ್ತದ ಏನ್ರಿ?

ಹಿರಿಯ ನಾಗರಿಕ ಮೈಸೂರು: ಫಾರ್ವರ್ಡ್ ಆಗಿ ಬಂದದ್ದು 🙏 1) ಹೊರಗಿನ ಏಸಿ ಯೂನಿಟ್ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರೆ ಬಿಲ್ ಅರ್ಧ. 2) ಪವರ್ ಸೇವರ್ ಡಬ್ಬಿ ಪ್ಲಗ್‌ಗೆ ಸಿಕ್ಕಿಸಿದರೆ 40% ಉಳಿತಾಯ. 3) ಏಸಿಗೆ ಅಡುಗೆ ಸಿಲಿಂಡರ್ ಗ್ಯಾಸ್ ತುಂಬಿಸಿದರೆ ಹೆಚ್ಚು ತಂಪು. ಎಲ್ಲರಿಗೂ ಉಪಯೋಗವಾಗಲಿ.

ಮೆಕ್ಯಾನಿಕ್: ಹಿರೇರದೀರಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಗೋಣಿಚೀಲ ಹೊದಿಸಿದ್ರ ಗಾಳಿ ಕಟ್ಟತೈತಿ, ಕಂಪ್ರೆಸರ್ ಕಾದು ಬಂದ್ ಬೀಳತೈತಿ. ಮ್ಯಾಲ ನೆರಳ ಮಾಡ್ರಿ, ಹೊದಿಕಿ ಹೊಚ್ಚಬ್ಯಾಡ್ರಿ. ಆ ಡಬ್ಬಿ ನಾ ಬಿಚ್ಚಿ ನೋಡೀನಿ, ಒಂದು ಕೆಪಾಸಿಟರು, ಒಂದು ಹಸಿರು ಲೈಟು, ಅಷ್ಟ. ಮನಿ ಮೀಟರ್ ಎಣಸೋದು ಯೂನಿಟ್, ಅದರಾಗ ಆ ಕೆಪಾಸಿಟರ್ ಒಂದು ಪೈಸಾನೂ ಕಡಿಮಿ ಮಾಡಾಂಗಿಲ್ಲ. ಮೂರನೇದು ಮಾತ್ರ ದಯವಿಟ್ಟು ಅಳಿಸ್ರಿ. ಅಡಿಗಿ ಗ್ಯಾಸಿನ್ಯಾಗ ಇರೋ ಪ್ರೊಪೇನ್ ಮ್ಯಾಲ ನಡಿಯೋ ಏಸಿ ಅದಾವು, ಖರೆ, ಅವನ್ನ ಅದಕ್ಕಂತ ಮಾಡಿರತಾರ, ಶುದ್ಧ ಗ್ಯಾಸ್, ಅದೂ ತೂಗಿ ಸ್ವಲ್ಪ ಹಾಕತಾರ. ಅಡಿಗಿ ಸಿಲಿಂಡರ್ ತಂದು ಮಲಗೋ ಖೋಲಿ ಪೈಪಿಗೆ ತುಂಬೋದು ಬೆಂಕಿ ಜೊತಿ ಮಲಗಿದಂಗ.

ಹಿರಿಯ ನಾಗರಿಕ ಮೈಸೂರು: ನಾನು ಹಂಚಿಕೊಂಡೆ ಅಷ್ಟೇ. ಒಬ್ಬ ವಿಜ್ಞಾನಿ ಹೇಳಿದ್ದು ಅಂತ ಇತ್ತು.

ಮೆಕ್ಯಾನಿಕ್: ಯಾವ ವಿಜ್ಞಾನಿ ಸರ್?

ಟೊರೊಂಟೊ ಕನ್ನಡಿಗ: ಇಲ್ಲಿ ಗ್ಯಾಸ್ ಫರ್ನೇಸ್ ತೆಗೆದು ಹೀಟ್ ಪಂಪ್ ಹಾಕಿಸೋ ಯೋಚನೆ ಇದೆ, ಮೈನಸ್ 20ರಲ್ಲಿ ಕೆಲಸ ಮಾಡುತ್ತಾ ಅಂತ ಭಯ. ಸರ್ ನಿಮ್ಮ ಅಭಿಪ್ರಾಯ?

ಬೆಂಗ್ಳೂರ್ ಹುಡ್ಗ: ಹೀಟ್ ಪಂಪ್ ಅಂದ್ರೆ ಉಲ್ಟಾ ಏಸಿ ಅಲ್ವಾ ಗುರು, ಹೊರಗಿನ ಬಿಸಿ ಒಳಗೆ ತರೋದು. ಮೈನಸ್ 20ರಲ್ಲಿ ಹೊರಗೆ ಬಿಸಿ ಎಲ್ಲಿರತ್ತೆ 😂

ಟೊರೊಂಟೊ ಕನ್ನಡಿಗ: ಇರತ್ತೆ, ಕಮ್ಮಿ ಇರತ್ತೆ. ನಾನು ಮೆಕ್ಯಾನಿಕ್ ಅವ್ರನ್ನ ಕೇಳಿದ್ದು.

ರಾಯಚೂರು ರೊಟ್ಟಿ: ಗೃಹಜ್ಯೋತಿ ಇದ್ದವರು ಏಸಿ ಹಾಕಬಹುದಾ? 200 ಯೂನಿಟ್ ಫ್ರೀ ಅದಲ್ಲ.

ದಾವಣಗೆರೆ ಬೆಣ್ಣೆ: ಎಲ್ಲರಿಗೂ 200 ಅಲ್ಲ. ನಿಮ್ಮ 2022-23ರ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಫ್ರೀ. ಅದಕ್ಕಿಂತ ಜಾಸ್ತಿ ಆದ್ರೆ ಜಾಸ್ತಿ ಆದಷ್ಟಕ್ಕೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್ಲು.

ಮಂಗ್ಳೂರ್ ಬಂಗುಡೆ: ಅದೇ ಅಲ್ವಾ, ಫ್ರೀ ಕರೆಂಟಲ್ಲಿ ಏಸಿ, ಟ್ಯಾಕ್ಸ್ ನಾವು ಕಟ್ಟೋದು.

ರಾಯಚೂರು ರೊಟ್ಟಿ: ನೀವೊಬ್ರ ಕಟ್ಟೋದಾ? ನಮ್ಮ ಶಕ್ತಿನಗರದ ಕಲ್ಲಿದ್ದಲು ಕರೆಂಟ್ ಸ್ಥಾವರದ ಬೂದಿ ನಾವು ತಿನ್ನೋದು, ಕರೆಂಟ್ ನಿಮ್ಮ ಊರಿಗೂ ಬರ್ತದ. ಸುಮ್ನ ಕೂಡ್ರಿ.

ಅಡ್ಮಿನ್: ರಾಜಕೀಯ ಬೇಡ ಪ್ಲೀಸ್. ಇನ್ನೊಂದು ಸಲ ಆದ್ರೆ ಕಾಮೆಂಟ್ ಆಫ್ ಮಾಡ್ತೀನಿ.

ಗೃಹಿಣಿ ಗದಗ: ಏಸಿ ಎಷ್ಟಕ್ಕ ಇಡಬೇಕ್ರಿ, 24 ಚಲೋನೋ 26 ಚಲೋನೋ?

ಮೆಕ್ಯಾನಿಕ್: ಮ್ಯಾಲ ನೋಡ್ರಿ.

ಮಡಿಕೇರಿ ಮಂಜು: ನಮಸ್ತೆ, ನಮ್ದು ತಂಪಿನ ಪ್ರಶ್ನೆ ಅಲ್ಲ, ಬಿಸಿನೀರಿಂದು. ಕರೆಂಟ್ ಉಳಿಲಿ ಅಂತ ಗ್ಯಾಸ್ ಗೀಸರ್ ಹಾಕ್ಸಿದೀವಿ ಬಾತ್‌ರೂಮಲ್ಲೇ, ಸಿಲಿಂಡರ್ ಬೇಗ ಖಾಲಿ ಆಗ್ತಿದೆ, ಯಾವ ಮಾಡೆಲ್ ಜಾಸ್ತಿ ಉಳಿತಾಯ ಅಂತ ಹೇಳ್ತೀರಾ? ಇಲ್ಲಿ ಬೆಳಿಗ್ಗೆ ಇನ್ನೂ ಚಳಿ, ಶಾಖ ಹೊರಗೆ ಹೋಗ್ಬಾರ್ದು ಅಂತ ವೆಂಟಿಲೇಟರ್‌ಗೆ ಥರ್ಮೋಕೋಲ್ ಇಟ್ಟು ಟೇಪ್ ಸುತ್ತಿದೀವಿ, ಆದ್ರೂ ಉಳೀತಿಲ್ಲ. ಮಗಳಂತೂ ಅರ್ಧ ಗಂಟೆ ಸ್ನಾನ ಮಾಡ್ತಾಳೆ, ಆಚೆ ಬಂದ್ರೆ ತಲೆನೋವು ವಾಕರಿಕೆ ಅಂತಾಳೆ, ಕಾಲೇಜಿಗೆ ಹೋಗೋ ಹೊತ್ತಿಗೆ ಸರಿ ಹೋಗುತ್ತೆ, ಮೈಗ್ರೇನ್ ಇರ್ಬೇಕು.

ಮೆಕ್ಯಾನಿಕ್: ಅಕ್ಕಾರ, ಮೊದ್ಲು ಎದ್ದು ಹೋಗಿ ಆ ಥರ್ಮೋಕೋಲ್ ಕಿತ್ತು ಬರ್ರಿ. ಆಮ್ಯಾಲ ಕೆಳಗಿಂದು ಓದ್ರಿ. ನಾಳೆ ಬೆಳಿಗ್ಗೆ ಆ ಗೀಸರ್ ಹಚ್ಚಬ್ಯಾಡ್ರಿ, ಒಲಿ ಮ್ಯಾಲ ನೀರ ಕಾಸ್ರಿ.

ಇದು ಮೈಗ್ರೇನ್ ಇರಲಿಕ್ಕಿಲ್ಲ. ಒಳಗ ಹೋದ್ರ ತಲಿನೋವು, ಹೊರಗ ಗಾಳಿಗೆ ಬಂದ್ರ ಕಡಿಮಿ ಅಂದ್ರ ಅದು ಕಾರ್ಬನ್ ಮೊನಾಕ್ಸೈಡಿನ ಲಕ್ಷಣ. ಗ್ಯಾಸ್ ಉರಿಯಾಕ ಗಾಳಿ ಬೇಕು. ಬಚ್ಚಲ ಬಂದ್ ಮಾಡಿ ಅರ್ಧ ತಾಸು ಉರಸಿದ್ರ ಆ ಗಾಳಿ ತೀರತೈತಿ, ಉರಿ ಅರ್ಧಮರ್ಧ ಆಗತೈತಿ, ಅವಾಗ ಇದು ಹುಟ್ಟತೈತಿ. ವಾಸನಿ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಾಂಗಿಲ್ಲ. ಸಿಲಿಂಡರ್ ಸೋರಿದ್ರ ವಾಸನಿ ಬರೋದು ಅದಕ್ಕಂತ ವಾಸನಿ ಬೆರಸಿರತಾರಂತ. ಇದಕ್ಕ ಯಾರೂ ಬೆರಸಿಲ್ಲ. ರಕ್ತದಾಗ ಆಕ್ಸಿಜನ್ ಕೂಡೋ ಜಾಗಾನ ಇದು ಹಿಡಕೋತೈತಿ, ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ. ಮೊದ್ಲು ತಲಿನೋವು, ವಾಂತಿ ಬಂದಂಗ, ಆಮ್ಯಾಲ ಕಾಲಾಗ ಬಲ ಹೋಗತೈತಿ. ಚಿಲಕ ಎರಡು ಮಾರ ದೂರ ಇದ್ರೂ ಕೈ ಮುಟ್ಟಾಂಗಿಲ್ಲ.

ಒಮ್ಮೆ ಒಬ್ರ ಮನಿಗೆ ಗ್ಯಾಸ್ ಗೀಸರ್ ಬಿಚ್ಚಿ ಕರೆಂಟಿಂದು ಹಾಕಾಕ ಹೋಗಿದ್ದೆ. ಬಚ್ಚಲ ಬಾಗಲದ ಚಿಲಕ ಒಡದಿತ್ತು, ಚೌಕಟ್ಟಿನ ಕಟಗಿ ಸೀಳಿತ್ತು, ರಿಪೇರಿ ಮಾಡ್ಸಿರಲಿಲ್ಲ. ನಾ ಕೇಳಲಿಲ್ಲ, ಅವರೂ ಹೇಳಲಿಲ್ಲ. ರೊಕ್ಕ ತಗೊಳ್ದ ಬಂದೆ.

ಎಕ್ಸಾಸ್ಟ್ ಫ್ಯಾನ್ ಹಾಕಿಸ್ತೀವಿ ಅಂತ ಕೇಳಬ್ಯಾಡ್ರಿ, ಒಳಗ ಗಾಳಿ ಬರಾಕ ದಾರಿ ಇಲ್ದ ಅದೊಂದ ಹಾಕಿದ್ರ ಹೊಗಿ ತಿರುಗಿ ಒಳಗ ಎಳೀತೈತಿ. ಗೀಸರು, ಸಿಲಿಂಡರು ಎರಡೂ ಮನಿ ಹೊರಗ ಹೋಗಬೇಕು, ಬಿಸಿನೀರಿನ ಪೈಪ್ ಮಾತ್ರ ಒಳಗ. ಮಗಳನ್ನ ಡಾಕ್ಟರ್‌ಗೆ ತೋರಸ್ರಿ, ಗ್ಯಾಸ್ ಗೀಸರ್ ಅಂತ ಬಾಯಿ ಬಿಟ್ಟು ಹೇಳ್ರಿ, ಇಲ್ಲಾಂದ್ರ ಅವರೂ ಮೈಗ್ರೇನ್ ಗುಳಿಗಿ ಬರದಾರು.

ಅನುಭವಿ: ಸುಮ್ನೆ ಹೆದರಿಸ್ತೀರಲ್ಲ ಸ್ವಾಮಿ. ನಮ್ಮನೇಲಿ 10 ವರ್ಷದಿಂದ ಬಾತ್‌ರೂಮಲ್ಲೇ ಇದೆ, ಏನೂ ಆಗಿಲ್ಲ.

ಮೆಕ್ಯಾನಿಕ್: ನಿಮ್ಮ ಬಚ್ಚಲಕ್ಕ ಕಿಟಕಿ ಐತೇನ್ರಿ?

ಅನುಭವಿ: ಇದೆ, ದೊಡ್ಡ ಜಾಲರಿ ಕಿಟಕಿ.

ಮೆಕ್ಯಾನಿಕ್: ಮತ್ತ! ಅದಕ್ಕ ಇವತ್ತ ಕಾಮೆಂಟ್ ಹಾಕಾಕತ್ತೀರಿ.

ಹಿರಿಯ ನಾಗರಿಕ ಮೈಸೂರು: ಸ್ನೇಕ್ ಪ್ಲಾಂಟ್ ಗಿಡ ಬಾತ್‌ರೂಮಲ್ಲಿ ಇಟ್ಟರೆ ವಿಷಗಾಳಿ ಎಲ್ಲ ಹೀರಿಕೊಳ್ಳುತ್ತದೆ ಅಂತ ನೆನ್ನೆ ಒಂದು ವಿಡಿಯೋ ಬಂದಿತ್ತು.

ಮೆಕ್ಯಾನಿಕ್: ಸರ್ ಕೈ ಮುಗೀತೀನಿ. ಒಂದು ಹುಡುಗಿ ಜೀವದ ಮಾತು ನಡದೈತಿ ಇಲ್ಲಿ. ಇನ್ನೊಂದು ಫಾರ್ವರ್ಡ್ ಬಂತು ಅಂದ್ರ ನಾ ಗ್ರೂಪ್ ಬಿಟ್ಟ ಹೋಗ್ತೀನಿ.

ಹಿರಿಯ ನಾಗರಿಕ ಮೈಸೂರು: ಹಿರಿಯರ ಜೊತೆ ಮಾತಾಡೋ ರೀತಿ ಇದಲ್ಲ.

ಬೆಂಗ್ಳೂರ್ ಹುಡ್ಗ: ತಾತ ಅವ್ರು ಸರಿಯಾಗೇ ಹೇಳಿದ್ದು, ಬಿಡಿ.

ಮಡಿಕೇರಿ ಮಂಜು: ಥರ್ಮೋಕೋಲ್ ತೆಗೆದೆ ಅಣ್ಣಾ. ಕೈ ನಡುಗ್ತಿದೆ. ನೀವು ಬೇಡ ಅಂದ್ರೂ ಇವ್ರು ಬಾಗಿಲು ಎಲ್ಲಾ ತೆಗೆದು ಒಂದ್ಸಲ ಹಚ್ಚಿ ನೋಡಿದ್ರು, ಉರಿ ನೀಲಿ ಇಲ್ಲ, ಹಳದಿ ಇದೆ ಮೇಲ್ಗಡೆ ಮಸಿ ಹಿಡಿದಿದೆ.

ಮೆಕ್ಯಾನಿಕ್: ಹಳದಿ ಉರಿ, ಮಸಿ ಅಂದ್ರ ಬರ್ನರ್ರೂ ಕಟ್ಟಿಕೊಂಡೈತಿ. ಸಿಲಿಂಡರ್ ರೆಗ್ಯುಲೇಟರ್ ಕಳಚಿ ಇಡ್ರಿ, ಸರ್ವಿಸ್ ಆಗೋತನಕ ಯಾರೂ ಹಚ್ಚಬ್ಯಾಡ್ರಿ.

ಉಳಿತಾಯ ಕೇಳಿದ್ರಲ್ಲ, ಅದಕ್ಕೂ ಹೇಳ್ತೀನಿ. 15 ಲೀಟರ್ ಕರೆಂಟ್ ಗೀಸರ್ 20 ಡಿಗ್ರಿ ನೀರನ್ನ 60ಕ್ಕ ಒಯ್ಯಾಕ 0.7 ಯೂನಿಟ್ ತಿಂತೈತಿ, ನಾಕೈದು ರೂಪಾಯಿ. ತಣ್ಣೀರ ಬೆರಸಿದ್ರ 30 ಲೀಟರ್ ಆಗತೈತಿ, ಒಬ್ರ ಜಳಕಕ್ಕ ಸಾಕು. 2 ಕಿಲೋವ್ಯಾಟಿಂದು ಇದ್ರ 20-25 ನಿಮಿಷ ಮೊದ್ಲು ಹಾಕಿ ಆಫ್ ಮಾಡ್ರಿ, ರಾತ್ರಿಯೆಲ್ಲಾ ಆನ್ ಇಡೋದ್ರಾಗ ಬಿಲ್ ಏರೋದು. ಸೋಲಾರ್ ಹಾಕಿದ್ರ ನಿಮ್ಮ ಊರಾಗ ಜೂನಿಂದ ಸೆಪ್ಟೆಂಬರ್ ತನಕ ಮಳಿ ನೋಡ್ಕೊಂತ ಕೂಡಬೇಕು, ಉಳದ ತಿಂಗಳ ಅಡ್ಡಿಯಿಲ್ಲ, ಒಳಗ ಕರೆಂಟ್ ಕಾಯಿಲ್ ಇರೋದು ತಗೋರಿ.

ವಿಜಯಪುರ ದ್ರಾಕ್ಷಿ: ಅಣ್ಣಾರ ನಮ್ಮ ಸೋಲಾರಿಗೆ ಬೋರಿನ ಗಡಸ ನೀರು, ಟ್ಯೂಬಿನ್ಯಾಗ ಬಿಳೇ ಪದರ ಕಟ್ಟೇತಿ, ಆ್ಯಸಿಡ್ ಹಾಕಬಹುದಾ?

ಶಿರಸಿ ಅಡಿಕೆ: ಬಿಎಲ್‌ಡಿಸಿ ಫ್ಯಾನ್ ನಿಜಕ್ಕೂ ಉಳಿಸ್ತದಾ?

ಮೆಕ್ಯಾನಿಕ್: ಹೌದು. ಹಳೇದು 75 ವ್ಯಾಟ್, ಇದು 30ರ ಆಸುಪಾಸು. ಏಸಿ ತಗೊಳ್ಳೋಕಿಂತ ಮೊದ್ಲು ಇದನ್ನ ಹಾಕ್ರಿ.

ತುಮಕೂರು ತಟ್ಟೆ ಇಡ್ಲಿ: ಏಸಿ 24ರಲ್ಲಿ ಇಡೋದು ಒಳ್ಳೇದಾ ಸರ್?

ಬೆಂಗ್ಳೂರ್ ಹುಡ್ಗ: ಅಯ್ಯೋ 🤦

ಮಡಿಕೇರಿ ಮಂಜು: ರೆಗ್ಯುಲೇಟರ್ ತೆಗೆದಿಟ್ಟಾಯ್ತು ಅಣ್ಣಾ. ಗೀಸರ್ ಹೊರಗೆ ಹಾಕಿಸಿದ್ರೆ ಹಿಂದಿನ ಗೋಡೆಗೆ, ಅಲ್ಲಿ ಮಳೆ ನೀರು ಹೊಡಿಯುತ್ತೆ. ಅಲ್ಲಿಂದ ಬಾತ್‌ರೂಮಿಗೆ 12 ಅಡಿ ಪೈಪ್ ಆಗುತ್ತೆ, ಅಷ್ಟು ದೂರ ಆದ್ರೆ ನೀರು ಆರಲ್ವಾ?

ಮೆಕ್ಯಾನಿಕ್: ಮ್ಯಾಲ ಒಂದು ತಗಡ ಹೊದಸ್ರಿ, ಮೂರೂ ಕಡೆ ಮುಚ್ಚಬ್ಯಾಡ್ರಿ ಮತ್ತ. ಪೈಪಿಗೆ ಏಸಿ ಪೈಪಿನ ಕರೇ ಸ್ಪಂಜ್ ತೊಡಸ್ರಿ, ಯಾವ ಏಸಿ ಅಂಗಡಿಯಾಗೂ ಸಿಗತೈತಿ. ಮೊದಲಿನ ಒಂದು ಚಂಬು ನೀರು ತಣ್ಣಗ ಬರತೈತಿ, ಅದನ್ನ ಬಕೆಟ್ಟಿಗೆ ಬಿಡ್ರಿ. ನಾಳೆ ಡಾಕ್ಟರ್ ಏನಂದ್ರು ಅಂತ ಇಲ್ಲೇ ಬರೀರಿ, ನಾ ನೋಡತಿರತೀನಿ.